ಕಾರ್ಡಿಗೆ ಹಚ್ಚಿದ ಕುಂಕುಮ

ಆಯುಧಪೂಜೆಗೆ ಟೆಸ್ಟಿಂಗ್ ರೂಮಿನೊಳಗೆ ಯಾರೂ ಕುಂಕುಮ ತರಕೂಡದೆಂದು ತೊಂಬತ್ತೊಂದನೆಯ ಇಸವಿಯಲ್ಲಿ ಸೇಠರು ಕಟ್ಟಪ್ಪಣೆ ಮಾಡಿದ್ದರು. ಕಾರಣವಿತ್ತು. ಕಾಂದಿವಲಿಯ ಅವರ ಪುಟ್ಟ ಕಾರ್ಖಾನೆ, ಟೆಲಿಫೋನಿನ ಮಾತನ್ನು ಬೆಳಕಾಗಿಸಿ ಗಾಜಿನ ಎಳೆಯೊಳಗೆ ಕಳಿಸುವ ಇಲೆಕ್ಟ್ರಾನಿಕ್ ಕಾರ್ಡನ್ನು ಮೊದಲ ಸಲ ತಯಾರಿಸಿತ್ತು. ದಿಲ್ಲಿಯ ಪರೀಕ್ಷೆಯಲ್ಲಿ ಪಾಸಾದರೆ ದೊಡ್ಡ ಆರ್ಡರು. ಬೆಳಕು ಹೊರಡುವ ತೂತಿಗೆ ಒಂದು ಕಣ ಧೂಳು ಬಿದ್ದರೂ ಕೆಲಸ ಕೆಟ್ಟಂತೆಯೇ.

ಅಪ್ಪಣೆಯನ್ನು ಎಲ್ಲರಿಗೂ ಓದಿ ಹೇಳಿದವರು ಸೂಪರ್‌ವೈಸರ್ ವೆಂಕಟಸುಬ್ಬಯ್ಯನವರು. ಮುರಿದವರೂ ಅವರೇ! ಮೈಸೂರಿನ ಜೀವ, ಮೂವತ್ತು ವರ್ಷ ಸ್ಕ್ರೂಡ್ರೈವರಿಗೂ ಬೊಟ್ಟಿಟ್ಟ ಕೈ. ಹೊಸ ಕಾರ್ಡು ಬೋಳು ಹಣೆಯಲ್ಲಿ ಪ್ರಯಾಣ ಹೊರಡುವುದನ್ನು ಅವರಿಂದ ನೋಡಲಾಗಲಿಲ್ಲ. ಪೂಜೆಯ ದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು, ಮನೆಯ ಪೊಟ್ಟಣ ಬಿಚ್ಚಿ, ಕಾರ್ಡಿನ ಮುಂಭಾಗಕ್ಕೆ ಚಿಟಿಕೆ ಕುಂಕುಮ ಹಚ್ಚಿ ಕೈಮುಗಿದು ಒರೆಸಿಬಿಟ್ಟರು. ತೂತಿನ ಮುಚ್ಚಳ ತೆಗೆದೇ ಇತ್ತು. ಆಮೇಲೆ ಕಂಡು ಗಡಿಬಿಡಿಯಲ್ಲಿ ಮುಚ್ಚಿದರು.

ಕಸ ಗುಡಿಸುವ ಮಲ್ಲವ್ವ ಚೆಂಡುಹೂವಿನ ಸರ ಹಿಡಿದು ಬಾಗಿಲಾಚೆ ನಿಂತು ಇದನ್ನು ನೋಡಿದಳು. ಸಿಂದಗಿ ಕಡೆಯವಳು. ಗಾರೆ ಕೆಲಸದ ಗಂಡ ಚಂದ್ರಾಮ ಬಿಲ್ಡಿಂಗಿನಿಂದ ಬಿದ್ದು ಸತ್ತ ಮೇಲೆ ಈ ಪೊರಕೆಯೇ ಅವಳಿಗೂ ಮಗಳಿಗೂ ಅನ್ನ.

ಕಾರ್ಡು ಫೇಲಾಗಿ ವಾಪಸು ಬಂತು. ಆರ್ಡರು ಬೇರೆಯವರ ಪಾಲಾಯಿತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತೂತಿನೊಳಗೆ ಕೆಂಪು ಕಣಗಳು. ಸೇಠರು ಕೆಂಡವಾದರು. ರೂಮಿನ ಕೀಲಿ ಇದ್ದದ್ದು ಸೂಪರ್‌ವೈಸರರ ಬಳಿ, ಇಲ್ಲವೇ ಕಸ ಗುಡಿಸುವವಳ ಬಳಿ. ಸೂಪರ್‌ವೈಸರರನ್ನು ಸಂಶಯಿಸುವವರುಂಟೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಸೇಠರು ಕರೆಸಿದಾಗ ಹೆದರಿಕೆಗೆ ಮಲ್ಲವ್ವನ ಅರೆಬರೆ ಹಿಂದಿ ಹಾರಿಹೋಯಿತು. ವೆಂಕಟಸುಬ್ಬಯ್ಯನವರ ಕಡೆ ತಿರುಗಿ ಕನ್ನಡದಲ್ಲೇ ಅಂದಳು: "ಗಂಡ ಹ್ವಾದಾಗಿಂದ ನಾ ಕುಂಕುಮ ಮುಟ್ಟಿಲ್ರೀ ಅಪ್ಪಾರ. ನಿಮಗ ಗೊತ್ತೈತಲ್ರೀ, ನೀವರೆ ಹೇಳ್ರಿ."

"ಕ್ಯಾ ಬೋಲ್ತಿ ಹೈ?" ಕನ್ನಡ ಬಾರದ ಸೇಠರು ಅವಳ ಮಾತಿನ ಅರ್ಥವನ್ನು ಅವರನ್ನೇ ಕೇಳಿದರು.

ನಿವೃತ್ತಿಗೆ ಎರಡೇ ತಿಂಗಳಿತ್ತು. ಸನ್ಮಾನದ ಶಾಲು, ಇಷ್ಟು ವರ್ಷದ ಮರ್ಯಾದೆ, ಸಯನ್ನಿನ ಮನೆಯಲ್ಲಿ ಹೆಮ್ಮೆಪಡುವ ಹೆಂಡತಿ ವನಮಾಲಾ, ಎಲ್ಲ ಕಣ್ಣಮುಂದೆ ಬಂತು. ಥೂ, ಮನುಷ್ಯನ ಮಾನವೇ!

"ಮಾಫಿ ಮಾಂಗ್ ರಹೀ ಹೈ," ಅಂದರು.

ತಾನು ಮಾಫಿ ಕೇಳುತ್ತಿದ್ದೇನೆ ಅಂದರೆಂಬಷ್ಟು ಮಲ್ಲವ್ವನಿಗೂ ತಿಳಿಯಿತು. ವೆಂಕಟಸುಬ್ಬಯ್ಯನವರ ಮುಖವನ್ನೇ ಒಂದು ಗಳಿಗೆ ನೋಡಿದಳು. ಸೇಠರು ಅವಳಿಗೆ ಬಾಗಿಲು ತೋರಿಸಿದರು. ಆಮೇಲೆ ಪೊರಕೆಯನ್ನು ದಿನದಂತೆ ಮೂಲೆಗಿಟ್ಟು ಹೊರಟುಹೋದಳು.

ಶಾಲು ಹೊದಿಸಿಕೊಂಡು ಮನೆಗೆ ಬಂದ ವೆಂಕಟಸುಬ್ಬಯ್ಯನವರಿಗೆ ಅನ್ನ ರುಚಿಸಲಿಲ್ಲ. ದೇವರ ಮುಂದೆ ಕೂತರೆ ಕುಂಕುಮದ ಬಟ್ಟಲಿಗೆ ಕೈ ಹೋಗುತ್ತಿರಲಿಲ್ಲ. ಕೊನೆಗೆ ಅವರಿವರನ್ನು ವಿಚಾರಿಸಿ, ದಾದರಿನಲ್ಲಿ ಲೋಕಲ್ ರೈಲು ಬದಲಿಸಿ ಬೊರಿವಲಿಗೆ ಹೋದರು. ಮಲ್ಲವ್ವ ಅಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗಿಗೆ ಇಟ್ಟಿಗೆ ಹೊರುತ್ತಿದ್ದಳು. ಚಂದ್ರಾಮ ಬಿದ್ದದ್ದೂ ಇಂಥದರಿಂದಲೇ.

"ಬರ್ರಿ ಅಪ್ಪಾರ, ಆರಾಮದೀರೇನ್ರೀ?"

ಅವರಿಗೆ ಅಳು ಬಂತು. ಕೈಮುಗಿದರು. "ತಪ್ಪಾಯ್ತಮ್ಮ ಮಲ್ಲವ್ವ. ನನ್ನನ್ನ ಮಾಫಿ ಮಾಡು."

ಅವಳು ತಲೆಯ ಮೇಲಿನ ಸಿಂಬಿ ಸರಿಮಾಡಿಕೊಂಡಳು. ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವರಿಗೆ ಎಷ್ಟೋ ಹಗುರಾಗುತ್ತಿತ್ತು.

"ಮತ್ತ್ಯಾಕ್ರೀ ಮಾಫಿ? ಅವತ್ತ ಕೇಳೀನಲ್ರೀ ನಾ, ನಿಮ್ಮ ಬಾಯಿಲೆ," ಅಂದು ಮುಂದಿನ ಇಟ್ಟಿಗೆಗೆ ಬಗ್ಗಿದಳು.