ಭಾನುವಾರದ ಕೆಲಸ

"ಆ ಕಪಾಟು ಇನ್ನೂ ಸ್ವಲ್ಪ ಮುಂದೆ ತನ್ನಿ. ಪೆಟ್ಟಿಗೆಗೆ ಅಡ್ಡ ಬಂದ್ರೂ ಪರವಾಗಿಲ್ಲ, ಫೋಟೋದಲ್ಲಿ ಕಾಣ್ಬೇಕು," ಎಂದು ಸ್ಕೂಲಿನ ಗುಮಾಸ್ತ ಕೈಬೀಸಿದ.

ಚರ್ಚಿನ ಮುಂಭಾಗ ಮರದ ಸಾಮಾನಿನ ಅಂಗಡಿಯಂತಾಗಿತ್ತು. ಶವಪೆಟ್ಟಿಗೆಯ ಸುತ್ತ ಸ್ಟೂಲು, ಕಪಾಟು, ಒಡವೆ ಪೆಟ್ಟಿಗೆ, ಪುಸ್ತಕದ ಗೂಡು. ಹಳೆಯ ವಿದ್ಯಾರ್ಥಿಗಳು ಪರೀಕ್ಷೆಗೆಂದು ಮಾಡಿದ್ದವಂತೆ. ತಮ್ಮ ತಮ್ಮ ಸಾಮಾನು ತನ್ನಿ ಎಂದು ಪ್ರಿನ್ಸಿಪಾಲ್ ಫಾದರ್ ಎಲ್ಲರಿಗೂ ಮೆಸೇಜು ಕಳಿಸಿದ್ದರು. ಮೊದಲ ಸಾಲಿನಲ್ಲಿ ಕೂತಿದ್ದ ತಂಗಿ ವಾರ್ನಿಶ್ ವಾಸನೆಗೆ ಮೂಗಿಗೆ ಸೆರಗು ಹಿಡಿದಿದ್ದಳು. ಪೆಟ್ಟಿಗೆಯೊಳಗಿದ್ದವನು ಅವಳ ಅಣ್ಣ, ಆ ಸ್ಕೂಲಿನ ಮರಗೆಲಸದ ಮೇಷ್ಟ್ರು.

"ಇದು ನಾನೇ ಮಾಡಿದ್ದು," ಎಂದು ಕಟ್ಟಡದ ಕಂಟ್ರಾಕ್ಟರನೊಬ್ಬ ಕಪಾಟಿನ ಬೆನ್ನು ಸವರಿದ. "ಒಂದು ಮೊಳೆ ಇಲ್ಲ ನೋಡಿ. ಮೀಸೆ ಕೂಡ ಬಂದಿರ್ಲಿಲ್ಲ ಆಗ!"

ಮೊಳೆ ಹೊಡೆಯೋ ಅಂದರೆ ಹೆಬ್ಬೆರಳಿಗೆ ಹೊಡೆದುಕೊಳ್ಳುತ್ತಿದ್ದ ಮಹಾನುಭಾವ ಇವನು. ತಂಗಿಗೆ ಎದ್ದು ಹೋಗಿ ಆ ಕೈಯನ್ನು ತಳ್ಳಿಬಿಡೋಣವೆನಿಸಿತು.

ಸಾಯುವ ಮುನ್ನ ಆಸ್ಪತ್ರೆಯಲ್ಲಿ ಅಣ್ಣ ಅವಳನ್ನು ಕೇಳಿಕೊಂಡಿದ್ದು ಒಂದೇ ಮಾತು: "ಆ ನೂರಕ್ಕೆ ನೂರರ ಸುಳ್ಳನ್ನ ನನ್ನ ಹೆಣದ ಮುಂದೆ ಹೇಳಿಸ್ಬೇಡ ಕಣೇ." ಅವಳು ಹೂಂ ಅಂದಿದ್ದಳು. ಬೆಳಗ್ಗೆ ಫಾದರ್ ಹತ್ತಿರ ಹೋಗಿ, ಸಾಮಾನೆಲ್ಲ ತೆಗೆಸಿ, ಬರೀ ಪ್ರಾರ್ಥನೆ ಮಾಡಿ ಸಾಕು ಎಂದು ಬೇಡಿಕೊಂಡೂ ಇದ್ದಳು. "ದುಃಖದಲ್ಲಿ ಏನೇನೋ ಅನ್ಸುತ್ತೆ ತಾಯಿ. ಅವ್ರ ಹೆಸರು ಉಳೀಲಿ ಬಿಡಿ," ಎಂದು ಫಾದರ್ ಅವಳ ತಲೆ ಮುಟ್ಟಿ ಕಳಿಸಿದ್ದರು. ಅವಳು ಬಂದು ಕೂತಿದ್ದಳು. ಆ ಕೈ ತಾಗಿದ ಜಾಗ ಇನ್ನೂ ಜಿಗುಟು ಜಿಗುಟಾಗಿತ್ತು.

*

ಟೈಮ್‌ಟೇಬಲ್ಲಿನಲ್ಲಿ ಡಿಸೈನ್ ಅಂಡ್ ಟೆಕ್ನಾಲಜಿ ಎಂದಿದ್ದರೂ ಮಕ್ಕಳ ಬಾಯಲ್ಲಿ ಅದು ಅಂಟು ಕ್ಲಾಸು, ಅಣ್ಣ ಅಂಟು ಮೇಷ್ಟ್ರು. ಮೊದಲು ಕಾಗದದ ಮೇಲೆ ಯೋಚಿಸು, ಆಮೇಲೆ ಗರಗಸ ಮುಟ್ಟು ಅನ್ನುವುದು ಅವನ ಪಾಠ. ಕೆಟ್ಟ ಸ್ಟೂಲು ಮಾಡದವನು ಒಳ್ಳೆಯದನ್ನೂ ಮಾಡಲಾರ ಎನ್ನುತ್ತಿದ್ದ. ಮೊದಲ ವರ್ಷ ಹೊರಗಿನ ಪರೀಕ್ಷಕರು ಬರುವ ಹಿಂದಿನ ಶನಿವಾರ ಫಾದರ್ ವರ್ಕ್‌ಶಾಪಿಗೆ ಬಂದರು. ಅವರ ಮುಂದಿದ್ದದ್ದೆಲ್ಲ ಕೆಟ್ಟ ಸ್ಟೂಲುಗಳೇ.

"ಮೇಷ್ಟ್ರೇ, ಇವನ್ನ ತೋರ್ಸಿ ಮಾನ ಕಳ್ಕೊಳ್ಳೋದಾ? ನಾಳೆ ಪೂಜೆ ಮುಗಿದ್ಮೇಲೆ ಸ್ವಲ್ಪ ಕೈ ಹಾಕಿ."

"ಭಾನುವಾರ ಕೆಲಸ ಮಾಡೋದು ಪಾಪ ಅಂತ ನೀವೇ ಹೇಳ್ತೀರಲ್ಲ ಫಾದರ್?"

"ಮಕ್ಕಳ ಭವಿಷ್ಯಕ್ಕೆ ಮಾಡಿದ್ರೆ ಪಾಪ ಅಲ್ಲ."

ಸ್ವಲ್ಪ ಕೈ ಹಾಕಿದ ಅಣ್ಣ ಮೊಣಕೈವರೆಗೂ ಮುಳುಗಿದ. ಬುತ್ತಿ ಕೊಟ್ಟು ಬರಲು ಹೋದ ತಂಗಿ ಸ್ಯಾಂಡ್ ಪೇಪರ್ ಹಿಡಿದು ಸಂಜೆಯವರೆಗೂ ಕೂತಳು. ಮಕ್ಕಳೇನು ದಡ್ಡರೇ? ಮುಂದಿನ ವರ್ಷದಿಂದಲೇ "ಬಿಡೋ, ಭಾನುವಾರ ಆಗುತ್ತೆ" ಎಂದು ಗರಗಸ ಕೆಳಗಿಟ್ಟರು. ಸ್ಕೂಲಿಗೆ ನೂರಕ್ಕೆ ನೂರು ಫಲಿತಾಂಶ ಬಂತು. ಫಾದರ್ ಅದನ್ನು ಗೇಟಿನ ಮೇಲೆ ಬಣ್ಣದಲ್ಲಿ ಬರೆಸಿದರು.

ಒಂದು ವರ್ಷ ಒಬ್ಬಳು ಹುಡುಗಿ ಮಾತ್ರ ತನ್ನ ಸ್ಟೂಲನ್ನು ಅಪ್ಪಿಕೊಂಡು ನಿಂತಳು. "ಮುಟ್ಬೇಡಿ ಸರ್. ಸೊಟ್ಟ ಇದ್ರೂ ನಂದೇ ಇರ್ಲಿ."

ಅಣ್ಣ ಮುಟ್ಟಲಿಲ್ಲ. ಮೇಷ್ಟ್ರೇ ಮಾಡಿದ ಸಾಮಾನುಗಳ ನಡುವೆ ಹುಡುಗಿ ಮಾಡಿದ ಸ್ಟೂಲು ನಗೆಪಾಟಲಾಯಿತು. ಪರೀಕ್ಷಕರು ಒಂದು ಬೆರಳಿನಿಂದ ಅಲ್ಲಾಡಿಸಿ ನೋಡಿ ಫೇಲು ಮಾಡಿದರು. ಉಳಿದವರದೂ ಅವರವರದೇ ಆಗಿದ್ದರೆ ಅವಳದೇ ಎಲ್ಲಕ್ಕಿಂತ ಮೇಲಾಗುತ್ತಿತ್ತು. ಅಂದು ಸಂಜೆ ಅಣ್ಣ ನಲ್ಲಿಯ ಕೆಳಗೆ ಕೈ ತಿಕ್ಕಿದ್ದೇ ತಿಕ್ಕಿದ್ದು. "ಈ ಕೈ ಕಂಡ್ರೆ ನಂಗೇ ಹೇಸಿಗೆ ಆಗುತ್ತೆ ಕಣೇ," ಎಂದ. ಊಟ ಮಾಡಲಿಲ್ಲ.

ಅದರ ಮುಂದಿನ ವರ್ಷವೂ ಹೋದ. ನಿವೃತ್ತನಾಗುವವರೆಗೂ ಹೋದ. ಬುತ್ತಿ ಹಿಡಿದು ತಂಗಿಯೂ ಹೋದಳು. ಅಣ್ಣ ಅಂಜುಬುರುಕ ನಿಜ, ಆದರೆ ಅವನಿಗೆ ಒಂದು ದಿನವಾದರೂ ಬೇಡ ಅನ್ನದೆ ಮರ ಉಜ್ಜಿದ ತನ್ನ ಬಗ್ಗೆ ಅವಳಿಗೆ ಅದಕ್ಕಿಂತ ಹೆಚ್ಚು ಅಸಹ್ಯವಿತ್ತು.

*

ಪಕ್ಕದ ಬಾಗಿಲಲ್ಲಿ ಗುಮಾಸ್ತ ಯಾರನ್ನೋ ತಡೆದಿದ್ದ. ಬಸ್ ಡ್ರೈವರ್ ಸಮವಸ್ತ್ರದಲ್ಲಿದ್ದ ಹೆಂಗಸು, ಸೊಂಟದ ಮೇಲೆ ಒಂದು ಸೊಟ್ಟ ಸ್ಟೂಲು.

"ಇದ್ಯಾಕಮ್ಮ ತಂದೆ?" ಗುಮಾಸ್ತ ಮೂಗು ಮುರಿದ. ಆ ಸ್ಟೂಲನ್ನು ಸ್ಕೂಲಿನಲ್ಲಿ ಯಾರೂ ಮರೆತಿರಲಿಲ್ಲ.

"ತನ್ನಿ ಅಂತ ಮೆಸೇಜ್ ಬಂತಲ್ಲ, ಅದಕ್ಕೇ ತಂದೆ."

"ಫೇಲಾಗಿದ್ದನ್ನೂ ತರೋದಾ? ಬಾಗಿಲ ಹಿಂದೆ ಇಡು."

ತಂಗಿ ಎದ್ದು ಬಂದಳು. "ನಮ್ಮಣ್ಣನ ಮೇಲೆ ನಿಂಗೆ ಸಿಟ್ಟಿಲ್ವೇನಮ್ಮ?"

"ಇದೆ," ಎಂದಳು ಡ್ರೈವರ್. "ನಂದನ್ನ ಮುಟ್ಟದೆ ಬಿಟ್ರು, ಅದಕ್ಕೆ ಬಂದೆ. ಬೇರೆಯವ್ರದ್ದು ಮುಟ್ಟಿದ್ರು, ಅದಕ್ಕೆ ಸಿಟ್ಟು."

ತಂಗಿ ಸ್ಟೂಲು ಇಸಿದುಕೊಂಡು ಹೋಗಿ ಅಣ್ಣನ ತಲೆಯ ಪಕ್ಕದಲ್ಲಿಟ್ಟು ಕೂತುಬಿಟ್ಟಳು. ಅದು ಒಂದು ಕಡೆ ವಾಲಿತು. ಗುಮಾಸ್ತ ಕಣ್ಣು ಕೆಂಪಗೆ ಮಾಡಿದ. ಅಷ್ಟರಲ್ಲಿ ಫಾದರ್ ಮೈಕಿನ ಮುಂದೆ ನಿಂತಾಗಿತ್ತು.

ಸತ್ತ ಎಮ್ಮೆ ಕೊಡಗಟ್ಟಲೆ ಹಾಲು ಕೊಡುತ್ತಿತ್ತಂತೆ. ಇದ್ದಾಗ ಒಂದು ಒಳ್ಳೆಯ ಗರಗಸ ಕೊಡಿಸದ ಮನುಷ್ಯ ಈಗ ಅಣ್ಣನನ್ನು ಅಟ್ಟಕ್ಕೇರಿಸುತ್ತಿದ್ದರು.

"ಒಂದೇ ಒಂದು ವರ್ಷ ಬಿಟ್ರೆ ಪ್ರತಿ ವರ್ಷವೂ ನೂರಕ್ಕೆ ನೂರು. ಇಲ್ಲಿರೋ ಸಾಮಾನುಗಳೇ ಅದಕ್ಕೆ ಸಾಕ್ಷಿ. ನಮ್ಮ ಮಕ್ಕಳ ಪುಟ್ಟ ಕೈಗಳು..."

ತಂಗಿ ಕದಲಿದಳು. ಕಟಕ್ ಎಂದು ಸ್ಟೂಲಿನ ಕಾಲು ಕಲ್ಲು ನೆಲಕ್ಕೆ ಬಡಿಯಿತು.

"ಪುಟ್ಟ ಕೈಗಳು ಮಾಡಿದ..."

ಕಟಕ್.

ಫಾದರ್ ನಕ್ಕರು. "ಯಾರಾದ್ರೂ ಆ ತಾಯಿಗೆ ಒಂದು ಒಳ್ಳೆ ಕುರ್ಚಿ ಕೊಡಿ."

"ಬೇಡ ಫಾದರ್," ಎಂದಳು. "ಇಲ್ಲಿರೋದ್ರಲ್ಲಿ ಮಕ್ಕಳು ಮಾಡಿದ್ದು ಇದೊಂದೇ. ಮಿಕ್ಕಿದ್ದೆಲ್ಲ ನಮ್ಮಣ್ಣ ಮಾಡಿದ್ದು. ಉಜ್ಜಿದ್ದು ನಾನು. ಮಾಡ್ಸಿದ್ದು ನೀವು."

ಯಾರೋ ಕೆಮ್ಮಿದರು. ಫಾದರ್ ಕೈಯಲ್ಲಿದ್ದ ಹಾಳೆಯನ್ನು ತಿರುಗಿಸಿದರು, ಮತ್ತೆ ತಿರುಗಿಸಿದರು. ಕೊನೆಗೆ, "ಪ್ರಾರ್ಥಿಸೋಣ," ಎಂದರು.

ಎಲ್ಲರೂ ಎದ್ದು ಕೈಮುಗಿದರು. ಕಂಟ್ರಾಕ್ಟರನೂ ಎದ್ದ. ಕಪಾಟು ಸವರಿದ್ದ ಅವನ ಎರಡು ಕೈಗಳೂ ಬೆನ್ನ ಹಿಂದಿದ್ದವು.