ಅತ್ತೆ ಕೇಳಿದ ಮುನ್ನೂರು ಪದ

ಆಸ್ಪತ್ರೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಆ ಹೆಂಗಸಿಗೆ ನಿಂತು ನಿಂತು ಸಾಕಾಗಿಹೋಗಿತ್ತು. ಹತ್ತೊಂಬತ್ತು ವರ್ಷ ನಿಂತ ಕಾಲು. ಸಂಜೆಯಾದರೆ ಪಾದ ಊದಿ ಚಪ್ಪಲಿಗೆ ತೂರುತ್ತಿರಲಿಲ್ಲ. ಅಷ್ಟರಲ್ಲಿ ನೋಟೀಸು ಬಂತು: ರೋಗಿಗಳಿಗೆ ಚೀಟಿ ಬರೆದುಕೊಡುವ ಕೌಂಟರಿಗೆ ಒಳಗಿನವರನ್ನೇ ತೆಗೆದುಕೊಳ್ಳುತ್ತಾರೆ. ಕೂತು ಮಾಡುವ ಕೆಲಸ. ಆದರೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು, ಅವರು ಕೊಟ್ಟ ಮುನ್ನೂರು ಕಷ್ಟದ ಪದಗಳ ಅರ್ಥ ಗೊತ್ತಿರಬೇಕು, ವಯಸ್ಸು ನಲವತ್ತೈದು ದಾಟಿರಬಾರದು. ಪರೀಕ್ಷೆ ವರ್ಷಕ್ಕೊಂದೇ ಸಲ. ಮುಂದಿನ ಸಲದ ಹೊತ್ತಿಗೆ ಅವಳಿಗೆ ನಲವತ್ತಾರು.

ಚೀಟಿ ಬರೆಯಲು ಅಷ್ಟು ದಪ್ಪ ದಪ್ಪ ಪದಗಳೇಕೆ ಎಂದು ನನ್ನನ್ನು ಕೇಳಬೇಡಿ. ಜ್ವರ ಬಂದವನು ಜ್ವರ ಅಂತಲೇ ಹೇಳುತ್ತಾನೆ. ನೋಟೀಸು ಬರೆದವರ ಕಾಲು ಊದಿರಲಿಲ್ಲ, ಅಷ್ಟೇ.

ಗಂಡ ಲಾರಿ ಓಡಿಸುತ್ತಾ ವಾರಗಟ್ಟಲೆ ಹೊರಗಿರುವವನು. ಪಾಠ ಒಪ್ಪಿಸಿಕೊಳ್ಳಲು ಮನೆಯಲ್ಲಿದ್ದವರು ಅತ್ತೆ ಒಬ್ಬರೇ. ಅವರಿಗೆ ಇಂಗ್ಲಿಷ್ ಬಾರದು. ಸೊಸೆ ಕನ್ನಡ ಅಕ್ಷರದಲ್ಲೇ ಪದ ಬರೆದು, ಎದುರಿಗೆ ಅರ್ಥ ಬರೆದು, ಪುಟಕ್ಕೆ ಹತ್ತರಂತೆ ಒಂದು ಪುಸ್ತಕ ಮಾಡಿಕೊಟ್ಟಳು. ಕನ್ನಡಕ ಏರಿಸಿ ಸಾಲಿನ ಕೆಳಗೆ ಬೆರಳಿಟ್ಟರೆಂದರೆ ಅತ್ತೆಯ ಮುಂದೆ ಯಾವ ಮೇಷ್ಟರೂ ಲೆಕ್ಕಕ್ಕಿಲ್ಲ.

"ಆಬ್ಸ್ಟಿನೇಟ್?"

"ಹಟಮಾರಿ."

"ರಿಲಕ್ಟೆಂಟ್?"

"ಮನಸ್ಸಿಲ್ಲದ."

"ಮೆಟಿಕ್ಯುಲಸ್?"

ಸೊಸೆ ಗೋಡೆಗೊರಗಿ ತೂಕಡಿಸುತ್ತಿದ್ದಳು.

"ಏಳಮ್ಮಾ! ಮತ್ತೆ ಮೊದಲಿಂದ."

ಒಂದು ತಪ್ಪಿದರೂ ಪುಟದ ಮೊದಲಿಂದ ಹೇಳಬೇಕು, ಅದು ಅತ್ತೆಯ ಕಾನೂನು. ಬೆರಳು ಒಂದು ಸಾಲನ್ನೂ ಹಾರುತ್ತಿರಲಿಲ್ಲ. ಇಸ್ತ್ರಿ ಹಾಕುವಾಗಲೂ ಸೊಸೆ ಹಾಗೇ ಸಾಲು ತಪ್ಪದೆ ಹೇಳಿಕೊಂಡಳು, ಒಂದು ತಲೆದಿಂಬಿನ ಗವಸಿಗೆ ಒಂದು ಪದ. ಒಂದನ್ನು ಮಡಿಸಿಟ್ಟ ಕೂಡಲೇ ಮುಂದಿನದು ತಾನಾಗಿ ಬಾಯಿಗೆ ಬರುತ್ತಿತ್ತು. ಎರಡು ತಿಂಗಳಲ್ಲಿ ಮುನ್ನೂರೂ ನೀರು ಕುಡಿದಷ್ಟು ಸುಲಭವಾದವು. ಅತ್ತೆಗೆ ಹೆಮ್ಮೆಯೋ ಹೆಮ್ಮೆ.

ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ಕೈಗೆ ಬಂತು. ಐವತ್ತು ಪದ, ಅರ್ಧ ಗಂಟೆ. ಎಲ್ಲವೂ ಅವಳ ಪದಗಳೇ, ಆದರೆ ಹಿಂದುಮುಂದಾಗಿ ಎಲ್ಲೆಲ್ಲೋ ಕೂತಿದ್ದವು. ಒಂಟಿಯಾಗಿ ಎದುರಿಗೆ ಬಂದ ಪದ ಅವಳಿಗೆ ಗುರುತೇ ಸಿಗಲಿಲ್ಲ. ಅದರ ಹಿಂದಿನದು ಯಾವುದು? ಅದರ ಹಿಂದಿನದು? ಒಂದನೇ ಪುಟದಿಂದ ಹೊರಟು, ತುಟಿ ಅಲ್ಲಾಡಿಸುತ್ತಾ ಒಂದೊಂದೇ ದಾಟಿ ಅಲ್ಲಿಗೆ ಮುಟ್ಟಬೇಕಾಯಿತು. ಎರಡನೇ ಪ್ರಶ್ನೆಗೆ ಮತ್ತೆ ಮೊದಲಿಂದ. ಗಂಟೆ ಹೊಡೆದಾಗ ಬರೆದದ್ದು ಹನ್ನೊಂದೇ ಪದ.

ಮನೆಗೆ ನಡೆಯುವಾಗ ಅವಳಿಗೆ ಅತ್ತೆಯ ಮೇಲೆ ಕೆಂಡದಂಥ ಸಿಟ್ಟು. ಒಂದು ದಿನವಾದರೂ ನಡುವಿನಿಂದ ಕೇಳಬಾರದಿತ್ತೇ? ಹೋದ ತಕ್ಷಣ ಅಂದೇಬಿಡುತ್ತೇನೆ ಎಂದು ಮಾತು ಜೋಡಿಸಿಕೊಂಡಳು.

ಅತ್ತೆ ಬಾಗಿಲ ಬೆಳಕಿನಲ್ಲಿ ಕೂತು ಏನೋ ಹೊಲಿಯುತ್ತಿದ್ದರು. "ಬಂದ್ಯಾ? ಕೌಂಟರ್ ಕುರ್ಚಿ ಗಟ್ಟಿ ಇರುತ್ತೆ ಕಣೆ. ಅದಕ್ಕೊಂದು ಮೆತ್ತೆ ಮಾಡ್ತಿದ್ದೀನಿ. ಎಲ್ಲಾ ಬರೆದ್ಯಾ?"

ಸೊಸೆ ಆ ಮೆತ್ತೆ ನೋಡಿ, ಜೋಡಿಸಿಕೊಂಡ ಮಾತು ಬಿಟ್ಟು ಬೇರೆ ಹೇಳಿದಳು.

"ಇಲ್ಲ ಅತ್ತೆ. ನಿದ್ದೆ ಬಂದ್ಬಿಡ್ತು."

"ನಿದ್ದೆನಾ! ಎರಡು ತಿಂಗಳು ನಾನು ಗಂಟಲು ಹರ್ಕೊಂಡ್ರೆ, ನೀನು ಅಲ್ಲಿ ಹೋಗಿ ಗೊರಕೆ ಹೊಡೆದು ಬಂದ್ಯಾ?"

ಅತ್ತೆ ಮನಸಾರೆ ಬೈದರು. ಸೊಸೆ ಬಾಗಿಲಿಗೆ ಒರಗಿ ಎಲ್ಲ ಕೇಳಿಸಿಕೊಂಡಳು. ಬೈದು ಬೈದು ಸುಸ್ತಾದ ಮೇಲೆ ಅತ್ತೆ ಮತ್ತೆ ಸೂಜಿ ಎತ್ತಿಕೊಂಡರು.

"ಹೋಗ್ಲಿ ಬಿಡು. ಮುಂದಿನ ವರ್ಷ ನಾನೇ ಜೊತೆಗೆ ಬರ್ತೀನಿ. ಕಣ್ಣು ಮುಚ್ಚಿದ್ರೆ ತಿವೀತೀನಿ."

ವಯಸ್ಸಿನ ನಿಯಮ ಅತ್ತೆಗೆ ಗೊತ್ತಿರಲಿಲ್ಲ.

"ಬನ್ನಿ ಅತ್ತೆ," ಅಂದಳು ಸೊಸೆ.