ತಾರಾಳ ಕಾರ್ಡು

ಚನ್ನವೀರನ ಕುತ್ತಿಗೆ ಮತ್ತೆ ಎಡಕ್ಕೆ ವಾಲಿತು. ಮಗ ಮಾಂತು ಹಿಂದಿನಿಂದ ಗದ್ದ ಎತ್ತಿ ಹಿಡಿದ. ಅಯ್ಯನವರು ಬಿಳಿ ಪಂಚೆಯೊಂದನ್ನು ಹಣೆಯ ಸುತ್ತ ತಂದು ಕಿಟಕಿಯ ಸರಳಿಗೆ ಬಿಗಿದರು. ಮೂರನೆಯ ಸಲಕ್ಕೆ ಹೆಣ ಕುರ್ಚಿಯಲ್ಲಿ ನೆಟ್ಟಗೆ ಕೂತಿತು. ರುಮಾಲು ಸುತ್ತಿ ವಿಭೂತಿ ಬಳಿದ ಮೇಲೆ ಗಂಟೂ ಕಾಣಲಿಲ್ಲ.

"ಈಗ ನೋಡ್ರಿ," ಅಂದರು ಅಯ್ಯನವರು, "ಸಭಾಕ್ಕ ಕೂತಂಗ ಕಾಣಸ್ತಾರ."

ಹಾಗೇ ಕಾಣುತ್ತಿದ್ದ. ಎದುರಿಗೆ ಜಮಖಾನೆಯ ಮೇಲೆ ಕೂತಿದ್ದ ಶಿವಪ್ರಕಾಶನಿಗೆ ಅದೇ ಹೊಟ್ಟೆಯುರಿ. ಸತ್ತ ಮೇಲೂ ಅಧ್ಯಕ್ಷತೆ ಇವನದೇ.

ಖಡಕಿಯ ಮದ್ದುಗುಂಡಿನ ಕಾರ್ಖಾನೆಯ ಉಗ್ರಾಣದಲ್ಲಿ ಮೂವತ್ತೆಂಟು ವರ್ಷ ಗುಮಾಸ್ತನಾಗಿದ್ದ ಚನ್ನವೀರನನ್ನು ಓಣಿಯವರೆಲ್ಲ ಬಲ್ಲರು. ಅವನೊಳಗೇ ಇದ್ದ ಇನ್ನೊಬ್ಬ ಚನ್ನವೀರ 'ಶನಿವಲಯ'ದವನು. ಒಂದು ಕಾಲಕ್ಕೆ ಹುಬ್ಬಳ್ಳಿಯಿಂದ ಬರುತ್ತಿದ್ದ ನಲವತ್ತೆಂಟು ಪಾಕೆಟ್ ಕಾದಂಬರಿಗಳು ಅವು. ಶನಿಯ ಉಂಗುರದಲ್ಲಿ ಅಲೆಯುವ ಒಂದು ನೌಕೆ, ಅದನ್ನು ನಡೆಸುವ ತಾರಾ ಎಂಬ ಹೆಣ್ಣುಮಗಳು. ಪುಣೆಯಲ್ಲಿ ಆ ಪುಸ್ತಕಗಳ ಹುಚ್ಚು ಹಿಡಿದ ಇಪ್ಪತ್ತು ಜನ ಕನ್ನಡದವರಿದ್ದರು. ಭಾನುವಾರ ಕ್ಯಾಂಪಿನ ಒಂದು ಚಹಾದಂಗಡಿಯಲ್ಲಿ ಕೂಡಿ ಜಗಳಾಡುತ್ತಿದ್ದರು. ಕೊನೆಯ ಮಾತು ಯಾವಾಗಲೂ ಚನ್ನವೀರನದು.

ಇವತ್ತು ಅವರಲ್ಲಿ ಮೂವರು ಹೆಣದ ಮುಂದೆ ಕೂತಿದ್ದರು: ಪಿಂಪ್ರಿಯ ಎಂಜಿನ್ ಕಾರ್ಖಾನೆಯಿಂದ ನಿವೃತ್ತನಾದ ಶಿವಪ್ರಕಾಶ, ಬ್ಯಾಂಕಿನ ರಂಜನಾ, ಕಂಪ್ಯೂಟರ್ ಕಂಪನಿಯ ರೋಹಿತ. ಹತ್ತು ನಿಮಿಷ ಸುಮ್ಮನಿದ್ದರು. ಅದಕ್ಕಿಂತ ಹೆಚ್ಚು ಅವರಿಂದ ಆಗಲಿಲ್ಲ.

"ನಾನ್ ಹೇಳ್ತಿರೋದು ಇಷ್ಟೇ," ರೋಹಿತ ಪಿಸುಗುಟ್ಟಿದ. "ವೆಬ್ ಸೀರೀಸ್‌ನಲ್ಲಿ ತಾರಾ ಸಾಯೋದೇ ಇಲ್ಲ ಅಂದ್ಮೇಲೆ ಕಥೆ ಕ್ಲೀನ್ ಆಗುತ್ತೆ."

"ಕ್ಲೀನ್ ಮಾಡಾಕ ಅದೇನ ಮುಸುರಿ ಭಾಂಡೆ ಏನೋ?" ರಂಜನಾ ಮೆಲ್ಲಗೆ ಮಾತಾಡುವ ಜಾತಿಯಲ್ಲ. "ಹದಿನೇಳನೇ ಪುಸ್ತಕದಾಗ ಸುಟ್ಟ ಬೂದಿ ಆದಾಕಿ ಆಕಿ. ನಾ ಆವಾಗ ಎಂಟನೇ ಇಯತ್ತೆ. ಎರಡ ದಿನ ಉಂಡಿಲ್ಲ. ಈಗ ಬಂದು ಸತ್ತೇ ಇಲ್ಲ ಅಂದ್ರ, ಆ ಎರಡ ದಿನದ ಊಟ ಯಾರ ಕೊಡ್ತಾರ, ನಿಮ್ಮ ಮುಂಬೈದಾವ್ರು?"

ಮುಂಬೈದವರು ಅಂದರೆ ಶನಿವಲಯವನ್ನು ವೆಬ್ ಸರಣಿಯಾಗಿ ತೆಗೆದವರು. ಅವರು ರೋಹಿತನನ್ನು ಕರೆಸಿ ಸಲಹೆ ಕೇಳಿದ್ದರು, ಜೊತೆಗೆ ನಿಂತು ಫೋಟೋ ತೆಗೆಸಿಕೊಂಡಿದ್ದರು. ಆ ಫೋಟೋ ಬಳಗದ ವಾಟ್ಸಪ್ಪಿಗೆ ಬಂದ ದಿನ ಶಿವಪ್ರಕಾಶ ಫೋನನ್ನೇ ಬಂದ್ ಮಾಡಿ ಇಟ್ಟಿದ್ದ.

"ಇಪ್ಪತ್ಮೂರನೇ ಪುಸ್ತಕದಲ್ಲಿ ಅವಳು ವಾಪಸ್ ಬರ್ತಾಳಲ್ಲ, ಒಂದು ಮಾತೂ ವಿವರಣೆ ಇಲ್ದೆ?" ಅಂದ ರೋಹಿತ.

"ಆಕಿ ತಾರಾ ಅಲ್ಲ, ತಂಗಿ. ಅಕ್ಕನ ಹೆಸರ ಇಟಗೊಂಡು ಬಂದಾಕಿ. ಮೂವತ್ತೊಂದನೇ ಪುಸ್ತಕದ ಮುನ್ನುಡಿಯೊಳಗ ಲೇಖಕರ ಒಪ್ಪಿ ಬರದಾರ. 'ಈ ಗಂಟು ಬಿಡಿಸಿಕೊಟ್ಟವರು ಖಡಕಿಯ ಓದುಗರಾದ ಚನ್ನವೀರ.' ನನಗ ಬಾಯಿಪಾಠ ಅದ," ಅಂದಳು ರಂಜನಾ.

ಶಿವಪ್ರಕಾಶನ ಕಿವಿ ಕೆಂಪಾಯಿತು. "ಆ ತಂಗಿ ವಿಚಾರ ನಂದು. ಲೋಕಲ್ ಗಾಡಿಯೊಳಗ ಇವಗ ನಾನ ಹೇಳಿದ್ದು."

"ಕಾಕಾ, ಇವತ್ತ ಬ್ಯಾಡ್ರಿ."

"ಇವತ್ತಲ್ಲದ ಮತ್ತ್ಯಾವಾಗ? ಇಲ್ಲಾ ಅನ್ನಾಕ ನಾಳೆ ಇವ ಇರೂದಿಲ್ಲ."

"ಇವತ್ತೂ ಅನ್ನೂದಿಲ್ಲ ಬಿಡ್ರಿ," ಅಂದಳು ರಂಜನಾ.

ರೋಹಿತ ಮಾತ್ರ ಮುಂದೆ ಜರುಗಿ ಕೂತ. "ಸರ್, ಪ್ರೂಫ್ ಇದ್ರೆ ಕೊಡಿ. ತಂಗಿ ಐಡಿಯಾನ ಮುಂದಿನ ಸೀಸನ್‌ಗೆ ಅವರು ಯೋಚನೆ ಮಾಡ್ತಿದಾರೆ. ನಿಮ್ದೇ ಅಂತ ಗೊತ್ತಾದ್ರೆ ಪರದೆ ಮೇಲೆ ನಿಮ್ಮ ಹೆಸರು ಹಾಕಿಸ್ತೀನಿ."

ಪರದೆಯ ಮೇಲೆ ಹೆಸರು! ಶಿವಪ್ರಕಾಶ ತಲೆಯೆತ್ತಿ ಕುರ್ಚಿಯತ್ತ ನೋಡಿದ. ಚನ್ನವೀರ ವಿಭೂತಿ ಬಳಿದುಕೊಂಡು ಗಂಭೀರವಾಗಿ ಕೂತಿದ್ದ, ವಾದ ಮುಗಿಯಲಿ ಎಂದು ಕಾಯುವವನ ಹಾಗೆ.

*

೧೯೮೬ರಲ್ಲಿ ಅವರಿಬ್ಬರೂ ಬೆಳಗಿನ ಲೋಕಲ್ ಹತ್ತುತ್ತಿದ್ದರು. ಶಿವಪ್ರಕಾಶ ಶಿವಾಜಿನಗರದಿಂದ ಪಿಂಪ್ರಿಗೆ, ಚನ್ನವೀರ ಖಡಕಿಯ ತನಕ. ಸಿಗುತ್ತಿದ್ದದ್ದು ಬರೀ ಏಳೆಂಟು ನಿಮಿಷ. ಆಗಸ್ಟಿನ ಒಂದು ದಿನ, ಬಾಗಿಲಲ್ಲಿ ಜೋತುಬಿದ್ದು ಶಿವಪ್ರಕಾಶ ಕೂಗಿದ್ದ, "ತಂಗಿ ಅಂತೀನಿ! ಆಕಿ ತಂಗಿ!" ಪಕ್ಕದಲ್ಲಿದ್ದ ಮರಾಠಿ ಮುದುಕ ತಿರುಗಿ ನೋಡಿದ್ದ. ಚನ್ನವೀರ ತಲೆಯಾಡಿಸಿ ಇಳಿದು ಹೋಗಿದ್ದ. ಆಮೇಲೆ ಯಾವಾಗಲೋ ಲೇಖಕರಿಗೆ ಪತ್ರ ಬರೆದ, ಕೆಳಗೆ ತನ್ನ ಹೆಸರು ಹಾಕಿದ.

ಎರಡು ವರ್ಷದ ಮೇಲೆ ಆ ಮುನ್ನುಡಿ ಬಂತು. ಶಿವಪ್ರಕಾಶ ಪುಸ್ತಕ ಕೊಂಡು, ಆ ಪುಟ ಓದಿ, ನಿಲ್ದಾಣದ ಬೆಂಚಿನ ಮೇಲೇ ಬಿಟ್ಟು ಬಂದ. ತೊಂಬತ್ತೊಂದರಲ್ಲಿ ಒಮ್ಮೆ ಬಾಯಿಬಿಟ್ಟು ಜಗಳಾಡಿದ. ಚನ್ನವೀರ ಹೌದೂ ಅನ್ನಲಿಲ್ಲ, ಅಲ್ಲವೂ ಅನ್ನಲಿಲ್ಲ. ಎರಡು ವರ್ಷ ಮಾತಿರಲಿಲ್ಲ. ಆಮೇಲೆ ಮತ್ತೆ ಕೂಡಿದರು, ಯಾಕೆಂದರೆ ಶನಿವಲಯದ ಬಗ್ಗೆ ಮಾತಾಡಲು ಅಷ್ಟು ಬಲ್ಲವನು ಇನ್ನೊಬ್ಬನಿರಲಿಲ್ಲ. ಆದರೆ ಆ ಒಂದು ಸಾಲು ಶಿವಪ್ರಕಾಶನ ಗಂಟಲಲ್ಲಿ ಮೂವತ್ತೇಳು ವರ್ಷ ಸಿಕ್ಕಿಕೊಂಡೇ ಇತ್ತು.

*

ಹೊರಗೆ ಬಾಳೆಕಂಬ, ಚೆಂಡುಹೂ ಕಟ್ಟಿ ಹೆಣ ಒಯ್ಯುವ ವಿಮಾನ ಸಿದ್ಧವಾಗುತ್ತಿತ್ತು. ಒಳಗೆ ಧಾರವಾಡದಿಂದ ಬಂದ ಸೋದರತ್ತೆ ಗೋಡೆಯ ಮೇಲಿನ ಫೋಟೋ ತೋರಿಸಿ ಮಾಂತುವಿಗೆ ಹೇಳುತ್ತಿದ್ದಳು, "ಅಪ್ಪಂದೊಂದ ಫೋಟೋ ಮಾಡಸಿ ದೊಡ್ಡಾಕಿ ಬಾಜೂಕ ಹಾಕಪಾ. ಜೋಡಿ ಆಗ್ತದ."

ದೊಡ್ಡಾಕಿ ಅಂದರೆ ಚನ್ನವೀರನ ಮೊದಲ ಹೆಂಡತಿ. ಮದುವೆಯಾದ ಎರಡನೆಯ ವರ್ಷ ಬಾಣಂತಿತನದಲ್ಲಿ ಹೋದವಳು. ಅವಳ ತಂಗಿಯನ್ನೇ ಅವನಿಗೆ ಮತ್ತೆ ಕೊಟ್ಟಿದ್ದರು. ಆ ತಂಗಿ, ನಲವತ್ತಾರು ವರ್ಷ ಸಂಸಾರ ಮಾಡಿದ ಗೌರಾಬಾಯಿ, ಅಡುಗೆಮನೆಯ ಬಾಗಿಲಲ್ಲಿ ನಿಂತು ಈ ಮಾತು ಕೇಳಿಸಿಕೊಂಡಳು. ಸೋದರತ್ತೆಯನ್ನೂ ನೋಡಿದಳು, ಫೋಟೋದಲ್ಲಿದ್ದ ಅಕ್ಕನನ್ನೂ ನೋಡಿದಳು. ಒಳಗೆ ಹೋಗಿ ಒಂದು ಖಾಕಿ ಬಣ್ಣದ ತಗಡಿನ ಪೆಟ್ಟಿಗೆ ತಂದು ಹೆಣದ ಕಾಲ ಬಳಿ ಧಡ್ಡನೆ ಇಟ್ಟಳು.

"ಇದು ಅವರ ಸಂಗಾಟ ಹೋಗಬೇಕು. ಕುಣಿಯೊಳಗ."

ಬಳಗದವರು ಮೂವರೂ ಎದ್ದು ನಿಂತರು. ಚನ್ನವೀರ ಯಾರ ಕೈಗೂ ಕೊಡದ ಕಾರ್ಡುಗಳು ಆ ಪೆಟ್ಟಿಗೆಯಲ್ಲಿದ್ದವು. ಉಗ್ರಾಣದಲ್ಲಿ ಪ್ರತಿ ಸಾಮಾನಿನ ಗೂಡಿಗೂ ಒಂದು ಕಾರ್ಡು ತೂಗುಹಾಕಿರುತ್ತದೆ: ಯಾವಾಗ ಬಂತು, ಎಲ್ಲಿಗೆ ಹೋಯಿತು, ಏನು ಬದಲಾಯಿತು. ಚನ್ನವೀರ ಶನಿವಲಯದ ಒಂದೊಂದು ಪಾತ್ರಕ್ಕೂ ಹಾಗೆ ಒಂದೊಂದು ಕಾರ್ಡು ಮಾಡಿದ್ದ. ಯಾರ ಗಾಯ ಯಾವ ಕೈಯಲ್ಲಿ, ಯಾರು ಎಷ್ಟನೇ ಪುಸ್ತಕದಲ್ಲಿ ಸತ್ತರು, ಎಲ್ಲ ಇತ್ತು. ಉಗ್ರಾಣದ ನಿಯಮವೇ ಇಲ್ಲಿಯೂ ನಿಯಮ: ಬರೆದದ್ದನ್ನು ಅಳಿಸುವಂತಿಲ್ಲ. ತಪ್ಪಾದರೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ, ತಾರೀಖು.

"ಆಂಟಿ, ಪ್ಲೀಸ್," ಅಂದ ರೋಹಿತ. "ಮಣ್ಣಲ್ಲಿ ಹಾಕ್ಬೇಡಿ. ನಾನು ಎಲ್ಲಾ ಸ್ಕ್ಯಾನ್ ಮಾಡಿ ಇಡ್ತೀನಿ."

"ನಲವತ್ತ ವರ್ಷ ಈ ಪೆಟಗಿ ನನ್ನ ಮಂಚದ ಬುಡಕ ಇತ್ತಪಾ. ಮಂದಿ ಮನಿಯೊಳಗ ಸವತಿ ಇರತಾಳ, ನನ್ನ ಮನಿಯೊಳಗ ಇದಿತ್ತು. ಆ ತಾರಾನ ಹೆಸರ ದಿನಕ್ಕ ಹತ್ತ ಸಲ ತೊಗೋತಿದ್ರು. ನನ್ನ ಹೆಸರ..." ಗೌರಾಬಾಯಿ ಅಲ್ಲಿಗೇ ನಿಲ್ಲಿಸಿ ಸೆರಗು ಸರಿಮಾಡಿಕೊಂಡಳು. "ಒಂದ ದಿನಾನೂ ತಗದ ನೋಡಿಲ್ಲ ನಾ. ನೋಡೂದಿಲ್ಲ ಅಂತ ಹಟಾ ಹಿಡದಿದ್ದೆ."

"ಕಾಕು, ನಮಗ ನೆನಪಿಗೆ ಏನರ?" ರಂಜನಾ ಪೆಟ್ಟಿಗೆಯ ಮೇಲೆ ಕೈಯಿಟ್ಟಳು.

ಗೌರಾಬಾಯಿ ಅವಳ ಮುಖ ನೋಡಿದಳು. "ಒಬ್ಬೊಬ್ಬರ ಒಂದೊಂದ ತೊಗೋರಿ. ಉಳದದ್ದು ಮಣ್ಣಿಗೆ."

ರಂಜನಾ ನೌಕೆಯ ಕಪ್ತಾನನ ಕಾರ್ಡು ತೆಗೆದುಕೊಂಡಳು. ತಾರಾಳ ಕಾರ್ಡಿಗೆ ಎರಡು ಕೈ ಒಟ್ಟಿಗೆ ಬಿದ್ದವು.

"ಬಿಡೋ," ಅಂದ ಶಿವಪ್ರಕಾಶ.

"ಸರ್, ನಾನ್ ಮೊದಲು ಹಿಡ್ಕೊಂಡಿದ್ದು."

"ನೀ ಹುಟ್ಟೂಕಿನ ಮದ್ಲ ಹಿಡಕೊಂಡೇನಿ ನಾ. ಬಿಡು! ಫೋಟೋ ತಗಸಿಕೊಂಡೀಯಲ್ಲಾ, ಅಷ್ಟ ಸಾಕು ನಿನಗ."

ರೋಹಿತ ಬಿಟ್ಟ. ಶಿವಪ್ರಕಾಶ ಕಾರ್ಡನ್ನು ಅಂಗಿಯ ಜೇಬಿಗೆ ತುರುಕಿಕೊಂಡ.

*

ವಿಮಾನವನ್ನು ಟೆಂಪೋದ ಮೇಲೆ ಏರಿಸಿದರು. "ಕಾಕಾ, ತುಮ್ಹೀ ಪುಢೆ ಬಸಾ," ಎಂದು ಚಾಲಕ ಶಿವಪ್ರಕಾಶನನ್ನು ತನ್ನ ಪಕ್ಕ ಕೂರಿಸಿಕೊಂಡ. ಗಾಡಿ ಮುಳಾ ನದಿಯ ಸೇತುವೆಗೆ ಬಂದಾಗ ಶಿವಪ್ರಕಾಶ ಕಾರ್ಡು ಹೊರತೆಗೆದ.

ಮುಂದಿನ ಮಗ್ಗುಲಲ್ಲಿ ತಾರಾಳ ಎತ್ತರ, ಎಡಗೈಯ ಗಾಯ, ಹದಿನೇಳನೇ ಪುಸ್ತಕದಲ್ಲಿ ಮರಣ. ಹಿಂದಿನ ಮಗ್ಗುಲಲ್ಲಿ ಒಂದೇ ವಿಷಯ: 'ತಂಗಿ ಎಂಬ ವಿವರಣೆ ಕೊಟ್ಟವರು'. ಅದರ ಕೆಳಗೆ ಮೂರು ಸಾಲು.

'ಚನ್ನವೀರ, ೧೯೮೮.' ಅದರ ಮೇಲೆ ಒಂದು ಗೆರೆ, ಸಹಿ.

'ಶಿವಪ್ರಕಾಶ, ೧೯೯೧.' ಜಗಳವಾದ ವರ್ಷವೇ ಬರೆದಿದ್ದಾನೆ! ಬಾಯಲ್ಲಿ ಒಪ್ಪದವನು ಕಾರ್ಡಿನಲ್ಲಿ ಒಪ್ಪಿದ್ದಾನೆ! ಆದರೆ ಆ ಹೆಸರಿನ ಮೇಲೂ ಒಂದು ಗೆರೆ, ಸಹಿ.

ಮೂರನೆಯ ಸಾಲಿನ ಮೇಲೆ ಗೆರೆ ಇರಲಿಲ್ಲ. 'ನೀಲವ್ವ, ೨೦೧೯. ಮೊದಲು ಹೇಳಿದ್ದು ಅಡುಗೆಮನೆಯಲ್ಲಿ. ನಾವಿಬ್ಬರೂ ಊಟಕ್ಕೆ ಕೂತಿದ್ದೆವು. ತಡವಾಗಿ ನೆನಪಾಯಿತು.'

*

ರೊಟ್ಟಿ ಬಡಿಯುವ ಸದ್ದು. ಶಿವಪ್ರಕಾಶನಿಗೂ ಈಗ ನೆನಪಾಯಿತು: ಲೋಕಲ್ ಗಾಡಿಯ ಆ ದಿನಕ್ಕಿಂತ ಮೂರು ನಾಲ್ಕು ದಿನ ಹಿಂದಿನ ಮಾತು. ಚನ್ನವೀರನ ಶಿವಾಜಿನಗರದ ಬಾಡಿಗೆಮನೆಯ ಅಡುಗೆಮನೆಯಲ್ಲಿ ಗಂಡಸರಿಬ್ಬರೂ ತಾಟಿನ ಮುಂದೆ ಕೂತು, ಸತ್ತ ತಾರಾ ಹೇಗೆ ಬಂದಳೆಂದು ವಾದಿಸುತ್ತಿದ್ದರು. ಒಲೆಯ ಮುಂದೆ ಇಪ್ಪತ್ತಾರರ ಗೌರಾಬಾಯಿ.

"ಅದರಾಗ ತಿಳಿಯಲಾರದ್ದೇನ ಅದ?" ತಿರುಗಿ ನೋಡದೆಯೇ ಅಂದಳು. "ಸತ್ತಾಕಿ ಸತ್ತಾಳ. ಇಕಿ ಆಕಿ ತಂಗಿ. ಕೆಲಸ ನಿಂದರಬಾರದು ಅಂತ ತಂದ ಕೂಡಸ್ಯಾರ. ಹೆಸರೂ ಅಕ್ಕಂದ ಇಟ್ಟಾರ."

"ಹಂಗ ಎಲ್ಲೆರ ಇರತದೇನ್ರಿ ವೈನಿ?" ಶಿವಪ್ರಕಾಶ ನಕ್ಕಿದ್ದ.

"ನನ್ನ ನೋಡ್ರಲಾ. ಗೌರಾಬಾಯಿ ನಮ್ಮಕ್ಕ. ನಾ ನೀಲವ್ವ ಇದ್ದೆ. ಮದಿವ್ಯಾಗ ಅಕ್ಕಿಕಾಳ ಬಿದ್ದ ದಿನಾನ ಅತ್ತಿಯಾರು ಅಂದ್ರು, ಗೌರಿ ಅಂತನ ಇರಲಿ, ಹುಡುಗನ ಬಾಯಿಗೆ ರೂಢಿ ಅದ ಅಂತ." ರೊಟ್ಟಿ ಮಗುಚಿ ಹಾಕಿದಳು. "ಕರದಾಗೆಲ್ಲ ಓ ಅಂತೀನಿ. ಓ ಅನ್ನಾಕಿ ಮಾತ್ರ ನಾ ಅಲ್ಲ."

ಗಂಡಸರಿಬ್ಬರೂ ಕಣ್ಣರಳಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು. ಒಲೆಯ ಕಡೆ ಯಾರೂ ನೋಡಿರಲಿಲ್ಲ.

*

ಕುಣಿಯಲ್ಲಿ ಚನ್ನವೀರನನ್ನು ಕೂರಿಸಿ, ಅಯ್ಯನವರು ವಿಭೂತಿ ಗಟ್ಟಿ, ಬಿಲ್ವಪತ್ರೆ ಇಟ್ಟರು. ಮೊಣಕಾಲ ಪಕ್ಕ ತಗಡಿನ ಪೆಟ್ಟಿಗೆ ಇಳಿಸಿದರು. ಜನ ಸಾಲಾಗಿ ಬಂದು ಮೂರು ಮೂರು ಹಿಡಿ ಮಣ್ಣು ಹಾಕಿದರು. ಶಿವಪ್ರಕಾಶನೂ ಹಾಕಿ ಅಂಚಿನಲ್ಲೇ ನಿಂತ. ಜೇಬಿನಲ್ಲಿದ್ದ ಕಾರ್ಡು ಎದೆಗೆ ಒತ್ತುತ್ತಿತ್ತು. ಗಾಡಿಯಲ್ಲಿ ಕೂತಾಗಲೇ ಕೊನೆಯ ಸಾಲಿನ ಮೇಲೆ ಹೆಬ್ಬೆರಳಿಟ್ಟು ನೋಡಿದ್ದ. ಸಾಲು ಮುಚ್ಚುತ್ತಿತ್ತು, ತನ್ನ ಹೆಸರಿನ ಮೇಲಿನ ಗೆರೆ ಮುಚ್ಚುತ್ತಿರಲಿಲ್ಲ. ಆದರೆ ಕಾರ್ಡೇ ಇಲ್ಲದಿದ್ದರೆ? ಕುಣಿ ಎರಡು ಹೆಜ್ಜೆ ಮುಂದಿತ್ತು.

ರೋಹಿತ ಬದಿಗೆ ಬಂದ. "ಸರ್, ಕಾರ್ಡಲ್ಲಿ ಏನಾದ್ರೂ ಸಿಕ್ತಾ?"

"ನೋಡಿಲ್ಲ ಇನ್ನಾ," ಅಂದ ಶಿವಪ್ರಕಾಶ.

ಆಗ ಗೌರಾಬಾಯಿ ಬಂದಳು. ಕೈತುಂಬ ಮಣ್ಣು ಮೆತ್ತಿತ್ತು. "ಶಿವಪ್ರಕಾಶರ, ಆ ತಾರಾನ ಕಾರ್ಡ ನಿಮ್ಮ ಹಂತೇಕ ಅದಲ್ಲಾ? ಕೊಡ್ರಿಲ್ಲೆ."

"ಯಾಕ್ರಿ ವೈನಿ?"

"ನೋಡತೀನಿ. ಅಂಥಾದ್ದೇನ ಬರದಾರ ಆಕಿ ಬಗ್ಗೆ. ಇವತ್ತಿಗೆ ಹಟಾ ಮುಗೀತು. ನೋಡಿ ಕೊಡತೀನಿ, ನೀವ ಇಟಗೋರಿ, ಇಲ್ಲಾ ಅವರ ಮ್ಯಾಲೆ ಒಗೀರಿ."

ಶಿವಪ್ರಕಾಶ ಜೇಬಿಗೆ ಕೈ ಹಾಕಿದವನು ಹಾಗೇ ನಿಂತ. ಕೆಳಗೆ ಚನ್ನವೀರನ ರುಮಾಲು ಇನ್ನೂ ಕಾಣುತ್ತಿತ್ತು. ಇವಳ ಹೆಸರನ್ನಾದರೂ ಅವನು ಬರೆದಿಟ್ಟು ಹೋಗಿದ್ದಾನೆ, ಗೆರೆಯಿಲ್ಲದೆ. ತನ್ನ ಹೆಸರು?

"ಕೊಡ್ರಿ ಅಂದೆ."

ಕೊಟ್ಟ.

ರಂಜನಾ ತನ್ನ ಕನ್ನಡಕ ತೆಗೆದು ಅವಳ ಮೂಗಿಗೇರಿಸಿದಳು. ಗೌರಾಬಾಯಿ ಮುಂದಿನ ಮಗ್ಗುಲನ್ನು ಬೆರಳಿಟ್ಟು ಓದಿದಳು. ಎತ್ತರ. ಗಾಯ. ಮರಣ.

"ಇಷ್ಟನ?" ಅಂದಳು. "ಇದಕ್ಕ ನಲವತ್ತ ವರ್ಷ ಉರಕೊಂಡೆ ನಾ?" ಕಾರ್ಡನ್ನು ವಾಪಸು ಚಾಚಿದಳು.

ಶಿವಪ್ರಕಾಶ ಅದನ್ನು ತೆಗೆದುಕೊಳ್ಳಬಹುದಿತ್ತು. ರೋಹಿತ ಪಕ್ಕದಲ್ಲೇ ನಿಂತಿದ್ದ.

"ಹಿಂದ ಅದರಿ, ವೈನಿ," ಅಂದ. "ತಿರಿವಿ ನೋಡ್ರಿ."

ಗೌರಾಬಾಯಿ ಕಾರ್ಡು ತಿರುವಿದಳು. ತುಟಿ ಮೊದಲ ಸಾಲಿಗೆ ಅಲುಗಿತು, ಎರಡನೆಯದಕ್ಕೆ ಅಲುಗಿತು, ಮೂರನೆಯದಕ್ಕೆ ನಿಂತುಬಿಟ್ಟಿತು.

"ಏನ ಬರದಾನವಾ ಅಪ್ಪ?" ಅಂದ ಮಾಂತು.

ಅವಳು ಮಣ್ಣು ಮೆತ್ತಿದ್ದ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಸಾಲದೆಂಬಂತೆ ಮತ್ತೊಮ್ಮೆ ಒರೆಸಿಕೊಂಡು, ಆ ಹೆಸರಿನ ಮೇಲೆ ಇಟ್ಟಳು.

ಶಿವಪ್ರಕಾಶ ಬಗ್ಗಿ, ತನ್ನ ಹೆಸರಿಗೆಂದು ನಾಲ್ಕನೆಯ ಹಿಡಿ ಮಣ್ಣು ತೆಗೆದುಕೊಂಡ.